ಒಂಬತ್ತು ಕಾರು, ಒಂದು ಮೊಪೆಡ್ಡು

ನನ್ನ ಮೊಪೆಡ್ಡು ಗಂಟೆಗೆ ಎಪ್ಪತ್ತು ಕಿಲೋಮೀಟರ್ ಸ್ಪೀಡಲ್ಲಿ ಒಂಬತ್ತು ಕಾರು ದಾಟಿತಂತೆ! ತೊಂಬತ್ನಾಲ್ಕರಲ್ಲಿ, ನಾಗಸಂದ್ರದ ಹತ್ತಿರ, ಪೊಲೀಸಪ್ಪ ಹಾಗಂತ ಚೀಟಿ ಬರೆದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಹಿಂದೆ ಹೆಂಡತಿ ಮಹಾಲಕ್ಷ್ಮಿ, ಮುಂದೆ ಕಾಲಿನ ಹತ್ತಿರ ರಾಗಿ ಮೂಟೆ. ಎಪ್ಪತ್ತಂತೆ! ದಂಡ ಕಟ್ಟಲ್ಲ ಅಂತ ಕೋರ್ಟಿಗೇ ಹೋದೆ.

"ಒಂದೇ ಸಲಕ್ಕೆ ಒಂಬತ್ತನ್ನೂ ದಾಟಿದ್ದು ಕಣ್ಣಾರೆ ನೋಡಿದೆ ಸಾರ್," ಅಂದ ಪೊಲೀಸಪ್ಪ.

"ಯಾವ ಕಾರುಗಳು?" ಮ್ಯಾಜಿಸ್ಟ್ರೇಟರು ಕೇಳಿದರು.

"ಮದುವೆ ದಿಬ್ಬಣದವು ಸಾರ್. ಮುಂದಿನದಕ್ಕೆ ಹೂವು ಕಟ್ಟಿದ್ರು."

ನಾನು ತಡೆಯಲಾರದೆ ಕೂಗಿದೆ: "ದಿಬ್ಬಣದವರು ಯಾರಾದ್ರೂ ಮದುಮಗನ ಕಾರು ದಾಟಿ ಹೋಗ್ತಾರಾ ಸ್ವಾಮಿ? ಹೂವು ಉದುರಬಾರದು ಅಂತ ಅದು ತೆವಳ್ತಿತ್ತು. ಮಿಕ್ಕ ಎಂಟೂ ಅದರ ಹಿಂದೆ ತೆವಳ್ತಿದ್ವು, ಸೈಕಲ್ಲೂ ದಾಟಿಬಿಡ್ತಿತ್ತು!"

ಮ್ಯಾಜಿಸ್ಟ್ರೇಟರು ಎದ್ದು ಕಿಟಕಿಯಿಂದ ನನ್ನ ಮೊಪೆಡ್ಡು ನೋಡಿದರು. ನಗು ತಡೆದುಕೊಂಡು ಕೇಸು ವಜಾ ಮಾಡಿದರು.

ಹೊರಗೆ ಬಂದು ಚೀಟಿ ಹರಿಯಲು ಹೋದೆ. ಮೂರು ವರ್ಷದಿಂದ ಈ ಗಾಡಿ ಗುಜರಿಗೆ ಹಾಕಿ ಅನ್ನುತ್ತಿದ್ದ ಮಹಾಲಕ್ಷ್ಮಿ ಆ ಚೀಟಿ ಕಸಿದುಕೊಂಡು ಸೆರಗಿಗೆ ಗಂಟು ಹಾಕಿದಳು.

"ಹರೀಬೇಡ್ರೀ. ನಿಮ್ಮ ಗಾಡಿ ನೋಡಿ ನಗ್ತಾನಲ್ಲ ನಮ್ಮಣ್ಣ, ಕಾರಿನೋನು, ಅವನ ಮುಖಕ್ಕೆ ಹಿಡೀಬೇಕು!"