ಎಡಕ್ಕೆ ವಾಲಿದ ಬಾಲ

ದ್ಯಾಮಣ್ಣ ಕಳಿಸಿದ ಧೂಮಕೇತುವಿನ ಫೋಟೊ ಬಹಳ ಚೆನ್ನಾಗಿ ಬಂದಿತ್ತು. ಪ್ರಾಚಿಗೆ ಅನುಮಾನ ಮೊಳೆತದ್ದೇ ಅಲ್ಲಿಂದ.

ಎರಡು ಸಾವಿರದ ಇಪ್ಪತ್ನಾಲ್ಕರ ಅಕ್ಟೋಬರ್ ಮೊದಲಲ್ಲಿ ಆ ಧೂಮಕೇತು ನಸುಕಿನ ಹೊತ್ತು ಪೂರ್ವಕ್ಕೆ ತುಸು ಮುಖ ತೋರಿಸಿ, ಬೆಳಕು ಹರಿಯುತ್ತಲೇ ಕರಗಿಹೋಗುತ್ತಿತ್ತು. ಧಾರವಾಡದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಪ್ರಾಚಿ ದಿನಾ ನಸುಕಿನಲ್ಲೆದ್ದು ಗುಡ್ಡ ಹತ್ತಿ, ಮೋಡ ನೋಡಿಕೊಂಡು ಇಳಿದು ಬರುತ್ತಿದ್ದಳು. ಒಂದೇ ಒಂದು ಮುಂಜಾನೆ ಮೋಡ ಸರಿದು, ವಿಭೂತಿಯ ಬೆರಳು ಗೀರಿದಂಥ ಒಂದು ಗೆರೆ ಕಂಡಿತ್ತು. ಅವಳು ನಡೆಸುತ್ತಿದ್ದ, ನಕ್ಷತ್ರ ನೋಡುವವರ ಚಿಕ್ಕಿ ಬಳಗದ ಪಾಡೂ ಅಷ್ಟೇ. ಕೆಲವರ ಮೊಬೈಲಿನಲ್ಲಿ ಒಂದು ಮಸುಕು ಮಚ್ಚೆ ಸಿಕ್ಕಿತ್ತು, ಉಳಿದವರಿಗೆ ಅದೂ ಇಲ್ಲ. ಅಂಥದ್ದರಲ್ಲಿ ದ್ಯಾಮಣ್ಣನ ಫೋಟೊದಲ್ಲಿ ತಲೆ, ಬಾಲ, ಹಿಂದಿನ ಮಂಕು ಚಿಕ್ಕಿಗಳು ಎಲ್ಲವೂ ಇದ್ದವು.

ಬಳಗ ಆ ತಿಂಗಳು ಕಾಲೇಜಿನಲ್ಲಿ ಒಂದು ಪ್ರದರ್ಶನ ಇಟ್ಟುಕೊಂಡಿತ್ತು. ಒಂದೇ ಧೂಮಕೇತು ಭೂಮಿಯ ಉತ್ತರದವರಿಗೆ ಹೇಗೆ ಕಾಣುತ್ತದೆ, ದಕ್ಷಿಣದವರಿಗೆ ಹೇಗೆ ಕಾಣುತ್ತದೆ ಎಂದು ಎದುರುಬದುರು ಗೋಡೆಗೆ ಚಿತ್ರ ತೂಗುಹಾಕುವ ಯೋಜನೆ. ದಕ್ಷಿಣದ ಚಿತ್ರಗಳನ್ನು ಗೌತಮ ಕಳಿಸುತ್ತಿದ್ದ. ಅವನು ಪ್ರಾಚಿಯ ಜೊತೆ ಓದಿದವನು, ಈಗ ದಕ್ಷಿಣ ಆಫ್ರಿಕಾದಲ್ಲಿ ಕೆಲಸಕ್ಕಿದ್ದ. ಎರಡೂ ಕಡೆಯ ಚಿತ್ರಗಳಲ್ಲಿ ಒಂದು ವ್ಯತ್ಯಾಸ ಯಾರಿಗಾದರೂ ಕಣ್ಣಿಗೆ ಹೊಡೆಯುವಂಥದ್ದು. ನಮ್ಮಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತರೆ ಆಕಾಶದ್ದೆಲ್ಲ ಬಲಕ್ಕೆ ವಾಲುತ್ತ ಮೇಲೇರುತ್ತದೆ, ಧೂಮಕೇತುವಿನ ಬಾಲವೂ ಬಲಕ್ಕೇ ವಾಲಿರುತ್ತದೆ. ಗೌತಮನಿದ್ದ ಕಡೆ ಅದು ಎಡಕ್ಕೆ.

ದ್ಯಾಮಣ್ಣನ ಫೋಟೊದಲ್ಲಿ ಬಾಲ ಎಡಕ್ಕಿತ್ತು.

ದ್ಯಾಮಣ್ಣ ಹುಬ್ಬಳ್ಳಿಯ ಹತ್ತಿ ವ್ಯಾಪಾರಿ. ರಾಯಾಪುರದಲ್ಲಿ ದೊಡ್ಡ ಮನೆ, ಕೈಯಲ್ಲಿ ಒಳ್ಳೆಯ ಕ್ಯಾಮೆರಾ, ಬಾಯಿ ತುಂಬ ಮಾತು. ಹಿಂದೊಮ್ಮೆ ದಾಂಡೇಲಿಯಿಂದ ಚಿರತೆಯ ಫೋಟೊ ತಂದು ತಿಂಗಳುಗಟ್ಟಲೆ ಎಲ್ಲರಿಗೂ ತೋರಿಸಿದ್ದ. ಅದನ್ನು ತೆಗೆದವನು ಜೀಪಿನ ಹುಡುಗ ಎಂಬುದು ಆಮೇಲೆ ಹೊರಬಿತ್ತು. ಕೇಳಿದರೆ, ಗುಂಡಿ ಅವನು ಒತ್ತಿದ್ದರೇನಾಯಿತು, ಕ್ಯಾಮೆರಾ ತನ್ನದಲ್ಲವೇ ಎಂದು ನಕ್ಕುಬಿಟ್ಟಿದ್ದ. ಆಗ ಎಲ್ಲರೂ ನಕ್ಕಿದ್ದರು. ಈಗ ಪ್ರಾಚಿಗೆ ಅದು ನಗುವ ಮಾತಾಗಿ ಕಾಣಲಿಲ್ಲ.

ಅವಳು ಫೋನು ಹಚ್ಚಿ, ಫೋಟೊ ಎಲ್ಲಿಂದ ತೆಗೆದಿರಿ ಎಂದು ಕೇಳಿದಳು.

"ಮನ್ಯಾಗಿಂದನ ತಗದೇನ್ರಿ," ಎಂದ ದ್ಯಾಮಣ್ಣ.

ಮಾಳಿಗೆಯ ಮೇಲಿಂದಲೋ ಎಂದು ಪ್ರಾಚಿ ಕೇಳಿದಳು. ಅವನು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಹಿಂದಿನಿಂದ ಹೆಂಗಸೊಬ್ಬಳ ದನಿ ಯಾರದು ಫೋನು ಎಂದು ವಿಚಾರಿಸಿದ್ದು ಕೇಳಿಸಿತು. ಅರಳೆ ವ್ಯಾಪಾರದ್ದು ಎಂದು ಅವಳಿಗೆ ಹೇಳಿ, ದ್ಯಾಮಣ್ಣ ಫೋನು ಇಟ್ಟೇಬಿಟ್ಟ. ಒಂದು ಮಾತು ಕೇಳಿದರೆ ಹತ್ತು ಹೇಳುವ ಮನುಷ್ಯ ಫೋನಿಡುವ ಅವಸರದಲ್ಲಿ ಹೆಂಡತಿಗೆ ಸುಳ್ಳು ಹೇಳಿದ್ದ. ಪ್ರಾಚಿಯ ಅನುಮಾನಕ್ಕೆ ಬೇರು ಇಳಿದದ್ದು ಆಗ.

ಅವಳು ಬಳಗದ ಕಾರ್ಯದರ್ಶಿ ರೋಹಿತನಿಗೆ ವಿಷಯ ತಿಳಿಸಿದಳು. ರೋಹಿತ ಧಾರವಾಡ ಕೋರ್ಟಿನಲ್ಲಿ ವಕೀಲ. ಅವನು ಫೋಟೊ ದೊಡ್ಡದು ಮಾಡಿ ನೋಡಿ, ಇದರ ಅಂಚು ಕತ್ತರಿಸಿದ್ದಾರೆ, ಪೂರ್ತಿ ಫೋಟೊ ಕೊಡಲಿ ಎಂದ. ಕೇಳಿದ್ದಕ್ಕೆ ದ್ಯಾಮಣ್ಣ, ಅದು ಅಳಿಸಿಹೋಗಿದೆ ಎಂದು ಸಂದೇಶ ಕಳಿಸಿದ. ಯಾವ ಫೋಟೊವನ್ನೂ ಅಳಿಸದೆ ಮನೆಯ ಕಂಪ್ಯೂಟರು ತುಂಬಿಸಿಟ್ಟವನು ಅವನು. ಇದು ಬಳಗದಲ್ಲಿ ಎಲ್ಲರಿಗೂ ಗೊತ್ತಿತ್ತು.

ಭಾನುವಾರ ಬಳಗ ಸೇರಿತು. ರೋಹಿತ ಗೌತಮನ ಚಿತ್ರವನ್ನೂ ದ್ಯಾಮಣ್ಣನ ಚಿತ್ರವನ್ನೂ ಪರದೆಯ ಮೇಲೆ ಪಕ್ಕಪಕ್ಕ ಇಟ್ಟ. ಎರಡರಲ್ಲೂ ಬಾಲ ಎಡಕ್ಕೇ. ಎಲ್ಲರೂ ಪ್ರಾಚಿಯ ಮುಖ ನೋಡಿದರು.

"ದ್ಯಾಮಣ್ಣಾರ, ಈ ಚಿತ್ರ ಹುಬ್ಬಳ್ಳಿ-ಧಾರವಾಡದಾಗ ತಗದದ್ದಲ್ಲ," ಎಂದಳು ಪ್ರಾಚಿ. "ನಮ್ಮ ಕಡೆ ಬಾಲ ಹಿಂಗ ಕಾಣಂಗಿಲ್ಲ. ಎಲ್ಲಿಂದ ತಂದೀರಿ ಹೇಳಿಬಿಡ್ರಿ, ಇಲ್ಲಿಗೇ ಮುಗಸೋಣು."

ದ್ಯಾಮಣ್ಣ ಜಗಳಕ್ಕೆ ನಿಲ್ಲುತ್ತಾನೆ, ಇಲ್ಲವೇ ನಕ್ಕು ಹಾರಿಸುತ್ತಾನೆ ಎಂದು ಎಲ್ಲರೂ ಎಣಿಸಿದ್ದರು. ಅವನು ಎರಡನ್ನೂ ಮಾಡಲಿಲ್ಲ. ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದ.

"ನಾ ತಗದಿದ್ದ ಐತಿ. ಹಚ್ಚೂದಾದ್ರ ಹಚ್ಚರಿ, ಇಲ್ಲಾಂದ್ರ ಬಿಡ್ರಿ," ಎಂದವನೇ ಎದ್ದು ಹೋದ. ಕಳ್ಳ ಸಿಕ್ಕಿಬಿದ್ದರೆ ಹೀಗೇ ಎದ್ದುಹೋಗುವುದು ಎಂದ ರೋಹಿತ.

ಪ್ರಾಚಿಗೆ ಸಾಕ್ಷಿ ಬೇಕಿತ್ತು. ಮರುದಿನ ಇಂಟರ್ನೆಟ್ಟಿನಲ್ಲಿ ಆ ಚಿತ್ರದ ಮೂಲ ಹುಡುಕಿದಳು. ಆಸ್ಟ್ರೇಲಿಯಾ, ಚಿಲಿ, ನ್ಯೂಜಿಲೆಂಡಿನವರು ತೆಗೆದದ್ದನ್ನೆಲ್ಲ ಜಾಲಾಡಿದಳು. ಎಲ್ಲೂ ಸಿಗಲಿಲ್ಲ. ಕೊನೆಗೆ ದ್ಯಾಮಣ್ಣನ ಚಿತ್ರವನ್ನೂ ಅದೇ ತಾರೀಖಿಗೆ ಗೌತಮ ತೆಗೆದದ್ದನ್ನೂ ಒಂದೇ ಅಳತೆಯಲ್ಲಿ ತೆಳು ಕಾಗದದ ಮೇಲೆ ಮುದ್ರಿಸಿ, ಚಿಕ್ಕಿಗಳನ್ನು ತಾಳೆ ನೋಡಲು ಕುಳಿತಳು. ಉತ್ತರದವರಿಗೂ ದಕ್ಷಿಣದವರಿಗೂ ಆಕಾಶ ಒಂದೇ. ತಿರುಗಿಕೊಂಡು ಕಾಣುತ್ತದೆ, ಅಷ್ಟೇ. ಹಾಗಾಗಿ ಯಾವ ದೇಶದಲ್ಲಿ ತೆಗೆದಿದ್ದರೂ ಒಂದು ಚಿತ್ರವನ್ನು ಸ್ವಲ್ಪ ತಿರುಗಿಸಿದರೆ ಇನ್ನೊಂದರ ಚಿಕ್ಕಿಗಳ ಮೇಲೆ ಇದರ ಚಿಕ್ಕಿ ಕೂಡಬೇಕು.

ಕೂಡಲಿಲ್ಲ. ಹೇಗೆ ತಿರುಗಿಸಿದರೂ ಕೂಡಲಿಲ್ಲ. ಹಾಗಾದರೆ ಇದು ಈ ಧೂಮಕೇತುವೇ ಅಲ್ಲವೇನೋ, ಕಂಪ್ಯೂಟರಿನಲ್ಲಿ ಹುಟ್ಟಿಸಿದ್ದೇನೋ ಎಂಬ ಹೊಸ ಅನುಮಾನ ಬಂತು. ಬೇಸತ್ತು ದ್ಯಾಮಣ್ಣನ ಚಿತ್ರವನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ಹಿಡಿಯುವಾಗ ಕಾಗದ ಹಿಂದುಮುಂದಾಗಿತ್ತು. ಹಗಲ ಬೆಳಕಿನಲ್ಲಿ ಅದರ ಬೆನ್ನಿನಿಂದ ಚಿಕ್ಕಿಗಳು ಮೂಡಿ ಬಂದವು. ಗೌತಮನ ಕಾಗದವನ್ನು ಅದರ ಮೇಲಿಟ್ಟು ತುಸು ತಿರುಗಿಸಿದಳು. ಒಂದೊಂದು ಚಿಕ್ಕಿಯೂ ತನ್ನ ಜಾಗಕ್ಕೆ ಬಂದು ಕೂತಿತು.

ಚಿತ್ರದ ಎಡಬಲ ಅದಲುಬದಲಾಗಿತ್ತು. ಕದ್ದ ಚಿತ್ರ ಗುರುತು ಸಿಗಬಾರದೆಂದು ಜನ ಹೀಗೆ ಮಗುಚುವುದುಂಟು. ಸಿಕ್ಕಿಬಿದ್ದ ಎಂದು ಅವಳ ಎದೆ ಒಂದು ಕ್ಷಣ ಉಬ್ಬಿತು. ಮರುಕ್ಷಣ ಕಾಗದದ ಬೆನ್ನಿನ ಕಡೆಯಿಂದ ಕಾಣುತ್ತಿದ್ದ ಬಾಲದ ಕಡೆಗೆ ಲಕ್ಷ್ಯ ಹೋಯಿತು. ಅದು ಬಲಕ್ಕೆ ವಾಲಿತ್ತು. ತಾನು ಗುಡ್ಡದ ಮೇಲೆ ನಿಂತು ನೋಡಿದಾಗ ಎಷ್ಟು ವಾಲಿತ್ತೋ ಅಷ್ಟೇ. ಚಿತ್ರ ಇಲ್ಲಿಯದೇ. ಇಲ್ಲಿ ತೆಗೆದ ಸಾಚಾ ಚಿತ್ರವನ್ನು ಮಗುಚಿ ಕಳಿಸಿ, ಕಳ್ಳನೆನಿಸಿಕೊಂಡು, ಬಾಯಿ ಮುಚ್ಚಿಕೊಂಡು ಎದ್ದುಹೋಗುವ ಮನುಷ್ಯನಿಗೆ ಇನ್ನೇನು ಮುಚ್ಚಿಡುವುದಿದೆ? ಅನುಮಾನ ಕಳೆಯಲಿಲ್ಲ. ಬೇರೆ ಕಡೆ ಹೊರಳಿಕೊಂಡಿತು.

ಹೇಳದೆ ಕೇಳದೆ ಒಂದು ಮಧ್ಯಾಹ್ನ ಅವಳು ಹುಬ್ಬಳ್ಳಿ ಕಡೆ ಹೋಗುವ ಚಿಗರಿ ಬಸ್ಸು ಹತ್ತಿ ರಾಯಾಪುರಕ್ಕೆ ಹೋದಳು. ದ್ಯಾಮಣ್ಣ ಪೇಟೆಗೆ ಹೋಗಿದ್ದ. ಬಾಗಿಲು ತೆರೆದ ಅವನ ಹೆಂಡತಿ ಇವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಕಾಶ ನೋಡುವ ಬಳಗದವಳು ಎಂದು ಗೊತ್ತಾಗುತ್ತಲೇ ಆಕೆಯ ಮುಖ ಬಿಗಿಯಿತು. ಮನೆಯಲ್ಲಿ ಸೊಸೆ ತುಂಬಿದ ಬಸುರಿ ಇದ್ದಾಳೆ, ಬಾಲದ ಚಿಕ್ಕಿಯ ಹೆಸರು ಈ ಹೊಸ್ತಿಲೊಳಗೆ ಎತ್ತಬೇಡಿರಿ, ಸೊಸೆಯ ತವರಿನವರೂ ಬಹಳ ಹೇಳಿ ಕಳಿಸಿದ್ದಾರೆ, ನಮ್ಮ ಮನೆಯವರಂತೂ ಈ ಸಲ ಅದರ ಕಡೆ ಕಣ್ಣೆತ್ತಿ ಸಹ ನೋಡಿಲ್ಲ ಎಂದಳು. ಅಷ್ಟು ಹೇಳಿ, ಬಂದವರಿಗೆ ಚಹಾ ಕೊಡದೆ ಕಳಿಸುವುದು ಸರಿಯಲ್ಲವೆಂದು ಒಳಗೆ ಹೋದಳು.

ಪಕ್ಕದ ಖೋಲಿಯಿಂದ ಯಾರೋ ಕರೆದರು. ಅಲ್ಲಿ ಮಂಚದ ಮೇಲೆ ಒಬ್ಬ ಮುದುಕಿ ಅಂಗಾತ ಮಲಗಿದ್ದಳು. ದ್ಯಾಮಣ್ಣನ ಅಕ್ಕ ಸಂಗವ್ವ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು, ಆಪರೇಶನ್ ಆಗಿ, ಎದ್ದು ಕೂರಲಾಗದೆ ಇದ್ದಳು. ಖೋಲಿಗೆ ದಕ್ಷಿಣದ ಕಡೆಗೊಂದೇ ಕಿಟಕಿ. ಹೊರಗೆ ಅಂಗಳ, ಅದರಾಚೆ ಕಂಪೌಂಡು. ಪೂರ್ವದ ಆಕಾಶದ ಒಂದು ಚೂರೂ ಅಲ್ಲಿಂದ ಕಾಣುವಂತಿರಲಿಲ್ಲ.

"ನನ್ನ ತಮ್ಮನ್ನ ಕಳ್ಳ ಅಂದಾಕಿ ನೀನ ಏನವಾ?" ಎಂದು ಕೇಳಿದಳು ಸಂಗವ್ವ. ದನಿಯಲ್ಲಿ ಸಿಟ್ಟಿರಲಿಲ್ಲ, ಪರೀಕ್ಷೆ ಇತ್ತು.

ಪ್ರಾಚಿ ಸುಳ್ಳು ಹೇಳಲಿಲ್ಲ. ಹೌದು ಎಂದಳು. ಆದರೆ ಚಿತ್ರ ಇಲ್ಲಿಯದೇ ಎಂದು ಈಗ ಗೊತ್ತಾಗಿದೆ, ಅದು ಮಗುಚಿದ್ದು ಹೇಗೆಂದು ತಿಳಿಯುತ್ತಿಲ್ಲ, ಅದನ್ನು ಕೇಳಲೆಂದೇ ಬಂದೆ ಎಂದಳು. ಮುದುಕಿ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಅರವತ್ತೈದನೇ ಇಸ್ವಿ. ಇಂವ ಇನ್ನೂ ಹುಟ್ಟಿರಲಿಲ್ಲ. ನಮ್ಮಪ್ಪ ನಸುಕಿನ್ಯಾಗ ನನ್ನ ಎಬ್ಬಿಸಿ, ಹೊಲದ ಬದುವಿನ ಮ್ಯಾಲ ನಿಂದರಿಸಿ ಬಾಲದ ಚಿಕ್ಕಿ ತೋರಿಸಿದ್ದ. ಊರ ಮಂದಿ ಬಾಗಲಾ ಹಾಕ್ಕೊಂಡು ಕುಂತಿದ್ರು, ನಮ್ಮಪ್ಪ ಅಂಜಲಿಲ್ಲ. ಅದನ್ನ ಹೇಳಿ ಹೇಳಿ ಇಂವಗ ಈ ಹುಚ್ಚ ಹಿಡಿಸಿದಾಕಿ ನಾನ. ಈ ಸಲ ಮತ್ತೊಂದು ಬಂದೈತಿ ಅಂದ. ಹೆಂಗ ನೋಡ್ಲೆಪ್ಪಾ, ನನ್ನ ಆಕಾಶ ಅಂದ್ರ ಈ ಜಂತಿ ಅಂದೆ. ಮರದಿನ ನಸುಕಿನ್ಯಾಗ ಆಳೆತ್ತರದ ಕನ್ನಡಿ ತಂದು ಅಂಗಳದ ಮೂಲ್ಯಾಗ ಓರೆ ಮಾಡಿ ನಿಂದರಿಸಿದ. ಮೂಡಲ ದಿಕ್ಕ ಪೂರಾ ಅದರಾಗ ಬಂದು, ನನ್ನ ಕಿಡಕ್ಯಾಗ ನಿಂತಿತು."

ದ್ಯಾಮಣ್ಣ ಆಮೇಲೆ ಅಕ್ಕನ ಮಂಚದ ಪಕ್ಕದಲ್ಲೇ ಕ್ಯಾಮೆರಾ ಇಟ್ಟು, ಕನ್ನಡಿಯೊಳಗೆ ಕಂಡದ್ದನ್ನು ತೆಗೆದಿದ್ದ. ಕತ್ತರಿಸಿದ ಅಂಚಿನಲ್ಲಿದ್ದದ್ದು ಕನ್ನಡಿಯ ಚೌಕಟ್ಟು. ಬಳಗಕ್ಕೆ ಕಳಿಸದೆ ಇರಲು ಮಾತ್ರ ಅವನಿಂದ ಆಗಿರಲಿಲ್ಲ, ಅವನ ಸ್ವಭಾವವೇ ಹಾಗೆ. ಆದರೆ ಬಸುರಿ ಇರುವ ಮನೆಯೊಳಗೆ ಕನ್ನಡಿ ಹಿಡಿದು ಧೂಮಕೇತುವನ್ನು ಕರೆತಂದರು ಎಂದು ಗೊತ್ತಾದರೆ, ನಾಳೆ ಆ ಹುಡುಗಿಗೆ ಒಂದು ಸೀನು ಬಂದರೂ ಅದು ಅಕ್ಕನ ತಲೆಗೆ ಬರುತ್ತದೆ. ಯಾರಿಗೂ ಹೇಳುವುದಿಲ್ಲವೆಂದು ಅಕ್ಕನ ಕೈ ಮುಟ್ಟಿ ಮಾತು ಕೊಟ್ಟಿದ್ದನಂತೆ.

"ನೀನೂ ಹೇಳಬ್ಯಾಡವಾ," ಎಂದಳು ಸಂಗವ್ವ. "ನಾ ಈ ಮನ್ಯಾಗ ಮಲಕೊಂಡು ಉಣ್ಣಾಕಿ."

ಪ್ರಾಚಿ ಆಗಲಿ ಎಂದಳು. ಚಹಾ ಬಂತು. ದ್ಯಾಮಣ್ಣನ ಹೆಂಡತಿ ಇಬ್ಬರ ಮುಖವನ್ನೂ ಸರದಿಯ ಮೇಲೆ ನೋಡುತ್ತ, ಪ್ರಾಚಿ ಕುಡಿದು ಮುಗಿಸುವವರೆಗೂ ನಿಂತೇ ಇದ್ದಳು.

ಗೇಟಿನವರೆಗೆ ಕಳಿಸಲು ಸೊಸೆ ಭಾಗ್ಯಶ್ರೀ ಬಂದಳು. ಸೆರಗಿನಿಂದ ಹೊಟ್ಟೆ ಮುಚ್ಚಿಕೊಂಡು ಮೆಲ್ಲಗೆ ನಡೆಯುತ್ತಿದ್ದವಳು ಗೇಟಿನ ಬಳಿ ನಿಂತಳು. ಖೋಲಿಯೊಳಗಿನ ಮಾತು ಅವಳ ಕಿವಿಗೂ ಬಿದ್ದಿತ್ತು.

"ಅಕ್ಕಾರ, ಆ ಕನ್ನಡಿ ಪಡಸಾಲ್ಯಾಗಿನ ನನ್ನ ಕಪಾಟಿಂದು. ತವರಿನವರು ಕೊಟ್ಟಿದ್ದು," ಎಂದಳು. "ನಸುಕಿನ್ಯಾಗ ಎದ್ದು ನೋಡ್ತೇನಿ, ಕಪಾಟಿಗೆ ಕನ್ನಡಿನ ಇಲ್ಲ. ಹುಡುಕ್ಕೋಂತ ಬಂದು ಸಂಗವ್ವ ಅತ್ತಿ ಖೋಲಿ ಬಾಗಲದಾಗ ನಿಂತೆ. ಅವರಿಬ್ರಿಗೂ ನನ್ನ ಕಡೆ ಬೆನ್ನಿತ್ತು. ನಾನೂ ನೋಡಿದೆ, ಬೆಳಕ ಹರಿಯೂಮಟಾ. ಮಾವಾರಿಗೆ ಹೇಳಬ್ಯಾಡ್ರಿ, ಪಾಪ, ಅಂಜತಾರ. ನನ್ನ ಗಂಡಗೂ ಗೊತ್ತಿಲ್ಲ."

ಬಸ್ಸಿನಲ್ಲಿ ಕುಳಿತ ಪ್ರಾಚಿಗೆ ಆ ಮನೆಯ ಒಬ್ಬೊಬ್ಬರೂ ಇನ್ನೊಬ್ಬರಿಂದ ಬಚ್ಚಿಟ್ಟುಕೊಂಡದ್ದೆಲ್ಲ ಈಗ ತನ್ನ ಮಡಿಲಿಗೆ ಬಂದು ಬಿದ್ದಿದೆ ಅನ್ನಿಸಿತು. ಒಬ್ಬ ಮನುಷ್ಯನನ್ನು ಹತ್ತು ಮಂದಿಯ ಮುಂದೆ ಕಳ್ಳ ಎಂದದ್ದು ತಾನು. ಅದನ್ನು ಹತ್ತು ಮಂದಿಯ ಮುಂದೆಯೇ ತೊಳೆಯಬೇಕು, ಆದರೆ ಚಿತ್ರ ಮಗುಚಿದ್ದು ಹೇಗೆಂದು ಮಾತ್ರ ಹೇಳುವಂತಿಲ್ಲ.

ಸಂಜೆ ದ್ಯಾಮಣ್ಣನಿಗೆ ಫೋನು ಮಾಡಿ ಕ್ಷಮೆ ಕೇಳಿದಳು. ಅಕ್ಕ ಹೇಳಿದಳೆಂದು ತಿಳಿಸಿದಳು, ಭಾಗ್ಯಶ್ರೀಯ ಮಾತು ಎತ್ತಲಿಲ್ಲ. ಚಿತ್ರವನ್ನು ಉತ್ತರದ ಗೋಡೆಗೆ ಹಚ್ಚುತ್ತೇನೆ, ಎಡಬಲ ಸರಿಪಡಿಸಲೇ ಎಂದು ಕೇಳಿದಳು. ಬೇಡ, ಅಕ್ಕನ ಕಣ್ಣಿಗೆ ಕಂಡಂತೆಯೇ ಇರಲಿ ಎಂದ. ಇನ್ನೊಂದು ಮಾತು ಸೇರಿಸಿದ.

"ಹೆಸರ ಬ್ಯಾಡ್ರಿ."

ಪ್ರದರ್ಶನದ ಹಿಂದಿನ ದಿನ ಚಿತ್ರ ತೂಗುಹಾಕುವಾಗ ಪ್ರಾಚಿ ಬಳಗದವರಿಗೆ ತಾನು ಅವತ್ತು ಆಡಿದ್ದು ತಪ್ಪು, ಇದು ಇಲ್ಲೇ ತೆಗೆದ ಚಿತ್ರ, ತಾನೇ ತಾಳೆ ನೋಡಿದ್ದಾಗಿದೆ ಎಂದಳು. ಚಿಕ್ಕಿಗಳ ಕಾಗದಗಳನ್ನೂ ತೋರಿಸಿದಳು. ರೋಹಿತ ಅವನ್ನು ಬೆಳಕಿಗೆ ಹಿಡಿದು ನೋಡಿ ಮೇಜಿನ ಮೇಲಿಟ್ಟ. ಮಗುಚಿದ್ದು ಯಾಕೆ ಎಂದು ಕೇಳಿದ. ಅದನ್ನು ಹೇಳಲಾರೆ ಎಂದಳು. ತೆಗೆದವರ ಹೆಸರು ಯಾಕಿಲ್ಲ ಎಂದ. ಅದನ್ನೂ ಹೇಳಲಾರೆ ಎಂದಳು.

"ನೀವು ಅವರ ಮನಿಗೆ ಹೋಗಿದ್ದು ನಮಗೂ ಗೊತ್ತಾಗ್ಯದ," ಎಂದ ರೋಹಿತ. "ಬಳಗಕ್ಕ ಹೊಸಾ ದುರ್ಬೀನು ಕೊಡಸ್ತೇನಿ ಅಂದ್ರೇನು? ಇಲ್ಲಾ ನಿಮಗ ಏನರ ಅಂದ್ರೇನು? ನನಗರ ಹೇಳ್ರಿ."

"ನಾ ಅವರನ್ನ ತಪ್ಪು ತಿಳದಿದ್ದೆ. ಅಷ್ಟ ಅದ ಹೇಳೂದು," ಎಂದಳು ಪ್ರಾಚಿ.

ರೋಹಿತ ತಲೆಯಾಡಿಸಿದ. ನಂಬಿದವರು ಆಡಿಸುವ ತಲೆ ಅದಲ್ಲ. ಉಳಿದವರು ಮೊಳೆ, ದಾರ, ಅಂಟು ಎಂದು ಕೆಲಸಕ್ಕೆ ಬಿದ್ದರು, ಅವಳ ಕಣ್ಣು ತಪ್ಪಿಸಿದರು. ಹಿಂದೆ ಎಲ್ಲರೂ ಕೂಡಿ ಚಹಾಕ್ಕೆ ಹೋಗುತ್ತಿದ್ದವರು ಅವತ್ತು ಅವಳನ್ನು ಕರೆಯದೆ ಹೋದರು.

ಪ್ರದರ್ಶನಕ್ಕೆ ಜನ ಚೆನ್ನಾಗಿಯೇ ಬಂದರು. ದಕ್ಷಿಣದ ಗೋಡೆ ನೋಡಿ, ಉತ್ತರದ ಗೋಡೆಗೆ ಬಂದು, ಬಲಕ್ಕೆ ವಾಲಿದ ಚಿತ್ರಗಳ ನಡುವೆ ಎಡಕ್ಕೆ ವಾಲಿದ್ದ ಒಂದರ ಮುಂದೆ ಎಲ್ಲರೂ ತಡೆದು ನಿಲ್ಲುತ್ತಿದ್ದರು. ಇದ್ದದ್ದರಲ್ಲಿ ಅದೇ ಚೆಂದ ಎಂಬುದು ಎಲ್ಲರ ಮಾತು. ದ್ಯಾಮಣ್ಣ ಮಧ್ಯಾಹ್ನದ ಮೇಲೆ ಬಂದ. ಕೈ ಹಿಂದೆ ಕಟ್ಟಿಕೊಂಡು ಆ ಚಿತ್ರದ ಹತ್ತಿರ ಬಹಳ ಹೊತ್ತು ನಿಂತ. ಕಾಲೇಜಿನ ಹುಡುಗಿಯರು ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಳ್ಳುತ್ತ, ಇದನ್ನು ತೆಗೆದವರು ಯಾರು ಎಂದು ಅವನನ್ನೇ ಕೇಳಿದರು. ಆಚೆ ಬಾಗಿಲಲ್ಲಿ ರೋಹಿತ ಮಾತು ನಿಲ್ಲಿಸಿ ಕಿವಿಗೊಟ್ಟ.

"ಯಾರ ತಗದಾರೋ ಏನೋವಾ," ಎಂದ ದ್ಯಾಮಣ್ಣ. "ಛಲೋ ತಗದಾರ."

ಹುಡುಗಿಯರು ಮುಂದೆ ಸರಿದರು. ರೋಹಿತ ದ್ಯಾಮಣ್ಣನನ್ನು ನೋಡಿದ, ಪ್ರಾಚಿಯನ್ನು ನೋಡಿದ, ಪಕ್ಕದವನ ಕಿವಿಯಲ್ಲಿ ಏನೋ ಅಂದ. ಪ್ರಾಚಿ ಅದನ್ನು ಕಂಡೂ ಕಾಣದಂತೆ ಹೋಗಿ, ಸೆಖೆಗೆ ಮೂಲೆ ಬಿಚ್ಚಿಕೊಂಡಿದ್ದ ಒಂದು ಚಿತ್ರವನ್ನು ಗೋಡೆಗೆ ಒತ್ತಿ ಹಿಡಿದಳು.