ಸಾಯುವ ಪಾತ್ರ

"ಸಾಯ್ಲಿಕ್ಕೆ ಬರೂದಿಲ್ಲೇನಲೇ ರಂಡಿ?"

ಶ್ರೀಪಾದರಾಯ ದೇಸಾಯಿ ಅಲ್ಮಾಸಬಿಯ ಕುತ್ತಿಗೆ ಬಿಟ್ಟು ಅವಳನ್ನು ನೆಲಕ್ಕೆ ನೂಕಿದ. ಅಡರಕಟ್ಟಿಯ ದೇಸಾಯರ ವಾಡೆಯ ಅಂಗಳದಲ್ಲಿ ತಾಲೀಮು ನಡೆದಿತ್ತು. ಊರ ಗಂಡಸರು ಆಡುವ ನಾಟಕದಲ್ಲಿ ಹೆಣ್ಣಿನ ಪಾತ್ರಕ್ಕೆಂದು ಬೆಟಗೇರಿಯಿಂದ ಹಾಡಿ ಕುಣಿಯುವ ಅಲ್ಮಾಸಬಿಯನ್ನು ಕರೆಸಿದ್ದರು. ಇಂಗ್ಲಿಷಿನ ಹಳೆಯ ದುರಂತ ನಾಟಕವೊಂದನ್ನು ಜಯತೀರ್ಥ ಮಾಸ್ತರರು ಕನ್ನಡಕ್ಕೆ ತಂದಿದ್ದರು. ಕರಿಯ ಸೇನಾಪತಿ, ಬಿಳಿಯ ಹೆಂಡತಿ, ಯಾರೋ ಕಿವಿಯಲ್ಲಿ ಊದಿದ ಸಂಶಯ, ಕೊನೆಗೆ ಅವಳ ಕೊಲೆ. ಸೇನಾಪತಿಯ ಪಾತ್ರ ದೇಸಾಯಿಯದೇ.

"ಹುಸೀನ ಹಿಡೀರಿ ದಣ್ಯಾರ," ಅಲ್ಮಾಸಬಿ ಕೆಮ್ಮುತ್ತ ಎದ್ದಳು. "ಖರೇನ ಹಿಚಕಿದ್ರ ಮಾತು ಹೆಂಗ ಹೊರಡಬೇಕ್ರಿ?"

"ಪಾತರದಾಕಿ ನನಗ ಕಲಸ್ಲಿಕ್ಕೆ ಬಂದಾಳ ನೋಡ್ರಿ ಮಾಸ್ತರ."

ಮಾಸ್ತರರು ನಕ್ಕರು. "ಮಾತು ಒಂದ ಅದ ಅಲ್ಮಾಸಬಿ. ಜೀವ ಹೋಗೂ ಮುಂದ, 'ಯಾರ ತಪ್ಪೂ ಇಲ್ಲ, ಎಲ್ಲಾ ನನ್ನ ಕರ್ಮ' ಅನಬೇಕು. ಮಂದಿ ಅಳತದ."

"ಕೊಂದಾಂವನ ತಪ್ಪು ಸತ್ತಾಕಿ ಯಾಕ ಹೊರಬೇಕ್ರಿ?"

"ಆಕಿ ಪತಿವ್ರತಾ. ಅಂವ ಕರೀ ಜಾತಿಯಾಂವ. ಆ ಮಂದಿಗೆ ಸಿಟ್ಟು ಬಂತಂದ್ರ ಮೃಗಾನ. ಇಂಗ್ಲೀಷರೇನು ಸುಮ್ಮನ ಬರದಾರ?"

ಮಾಸ್ತರರು ಎಣ್ಣೆಯಲ್ಲಿ ಕಾಡಿಗೆ ಕಲಸಿ ದೇಸಾಯಿಯ ಕೆಂಪನೆಯ ಮುಖಕ್ಕೆ ಬಳಿದು ನೋಡತೊಡಗಿದರು. ದೇಸಾಯಿ ಅಂಗಳ ಗುಡಿಸುತ್ತಿದ್ದ ಅಮೃತವ್ವನತ್ತ ಬೆರಳು ಚಾಚಿದ. "ಕಾಡಿಗಿ ಸಾಲದಿದ್ರ ಈ ಹೊಲೇರಾಕಿನ್ನ ತೇದು ಹಚ್ರಿ."

ಎಲ್ಲರೂ ನಕ್ಕರು. ಅಮೃತವ್ವ ಬಗ್ಗಿಸಿದ ತಲೆ ಎತ್ತದೆ ಗುಡಿಸಿದಳು.

ಸಂಜೆ ಅವಳೇ ಅಲ್ಮಾಸಬಿಯನ್ನು ತನ್ನ ಗುಡಿಸಲಿಗೆ ಕರೆದೊಯ್ದು, ಎಣ್ಣೆ ಬಿಸಿ ಮಾಡಿ ಕುತ್ತಿಗೆಗೆ ತಿಕ್ಕಿದಳು. ತಿಕ್ಕುತ್ತಿದ್ದ ಕೈ ಒಂದು ಕಡೆ ನಿಂತಿತು.

"ನರ್ಮದಾಬಾಯಾರ್ಗೂ ಇಲ್ಲೇ ಹಿಂಗ ಕೈಬಟ್ಟಿನ ಗುರ್ತು ಮೂಡಿದ್ವು ಯವ್ವಾ."

"ಯಾರು?"

"ದೇಸಾಯಿ ಹೇಣ್ತಿ. ಹ್ವಾದ ವರ್ಸ ಬಾವ್ಯಾಗ ಸಿಕ್ಳು. ಕಾಲು ಜಾರಿ ಬಿದ್ಲು ಅಂದ್ರು. ಹೆಣಾ ದಂಡಿಗೆ ಎಳಕೊಂಡಾಕಿ ನಾನ. ಮುಟ್ಟಬ್ಯಾಡ ಅನ್ನೂದು ಅವತ್ತ ಯಾರಿಗೂ ನೆಪ್ಪಾಗಲಿಲ್ಲ."

"ಫೌಜದಾರಗ ಹೇಳಲಿಲ್ಲೇನ?"

"ಬಂದಿದ್ದ. ವಾಡೇದಾಗ ಉಂಡು ಹ್ವಾದ. ನನ್ನ ಯಾರು ಕೇಳ್ತಾರ?"

ಅಲ್ಮಾಸಬಿ ತನ್ನ ಕುತ್ತಿಗೆ ಮುಟ್ಟಿ ನೋಡಿಕೊಂಡಳು.

ನಾಟಕದ ದಿನ ರಾತ್ರಿಯಿಡೀ ಆಟ ನಡೆದು, ಕೊನೆಯ ಅಂಕ ಬರುವ ಹೊತ್ತಿಗೆ ಬೆಳಕು ಹರಿದಿತ್ತು. ದೇಸಾಯರ ಹೊಲಕ್ಕೆ ಹತ್ತಿ ಬಿಡಿಸಲು ಹೊರಟ ಹೆಂಗಸರೂ ನಿಂತು ನೋಡುತ್ತಿದ್ದರು. ಪೇಟಿ ಬಾರಿಸುವ ಮಲಂಗಸಾಬ ಶೋಕದ ರಾಗ ಎಳೆದ. ದೇಸಾಯಿ ಬಂದು, ಮಂಚದ ಮೇಲೆ ಮಲಗಿದ್ದ ಅಲ್ಮಾಸಬಿಯ ಕುತ್ತಿಗೆಗೆ ಕೈಹಾಕಿದ. ಆ ಕೈಯಲ್ಲಿ ನಾಟಕ ಇರಲಿಲ್ಲ. ಅವಳ ಕಣ್ಣು ಕತ್ತಲೆಗಟ್ಟಿತು. ಪಡದೆಯ ಹಿಂದಿನಿಂದ ಮಾಸ್ತರರು, "ಅನ್ನು, ಎಲ್ಲಾ ನನ್ನ ಕರ್ಮ ಅನ್ನು," ಎಂದು ಪಿಸುಗುಟ್ಟುತ್ತಿದ್ದರು.

ಅವಳು ಎರಡೂ ಕಾಲೆತ್ತಿ ದೇಸಾಯಿಯ ಎದೆಗೆ ಒದ್ದಳು. ಅವನು ಪಡದೆಯ ಮೇಲೆ ಬಿದ್ದ. ಪೇಟಿ ನಿಂತಿತು.

"ನಾ ಸಾಯೂದಿಲ್ಲ," ಎಂದಳು ಅಲ್ಮಾಸಬಿ, ಒಡೆದ ದನಿಯಲ್ಲಿ. "ಕರ್ಮ ನಂದಲ್ಲ, ಕೈ ಇವಂದು. ಕರೇರು ಕೊಲ್ತಾರಂತ ಇವ್ನ ಮಾರಿಗೆ ಕಾಡಿಗಿ ಬಡದಾರ. ನರ್ಮದಾಬಾಯಿ ಕುತ್ತಗಿ ಹಿಚಗೂ ಮುಂದ ಇಂವ ಏನು ಹಚಗೊಂಡಿದ್ದ, ಕೇಳ್ರಿ."

ಹೆಂಗಸರ ನಡುವಿನಿಂದ ಒಂದು ದನಿ ಬಂತು.

"ಖರೆ ಐತಿ. ಆಕಿ ಕುತ್ತಗಿ ಮ್ಯಾಲಿನ ಬಟ್ಟಿನ ಗುರ್ತು ನಾ ಕಣ್ಣಾರೆ ನೋಡೇನಿ." ಅಮೃತವ್ವ ನಿಂತಿದ್ದಳು. ತಲೆ ಎತ್ತಿ ನಿಂತಿದ್ದಳು.

"ರಂಡೇರಾ, ನಿಮ್ಮಿಬ್ಬರ್ನೂ ಹೂತು ಹಾಕ್ತೀನಿ," ದೇಸಾಯಿ ಪಡದೆಯಿಂದ ಬಿಡಿಸಿಕೊಳ್ಳುತ್ತ ಅಬ್ಬರಿಸಿದ. "ಜೀಪ ತಗೀರಲೇ!"

ಅಲ್ಮಾಸಬಿ ಪಾತ್ರದ ಸೀರೆಯಲ್ಲೇ ರಂಗದಿಂದ ಇಳಿದು, ಬಸ್ಸಿಗೆಂದು ಲಕ್ಷ್ಮೇಶ್ವರದ ರಸ್ತೆಗೆ ಬಂದಳು. ಹಿಂದೆಯೇ ಅಮೃತವ್ವ ಬಂದಳು. ಅವಳ ಹಿಂದೆ ಹತ್ತಿ ಬಿಡಿಸುವ ಹೆಂಗಸರು ಬಂದರು. ಯಾರೂ ಹೊಲದ ದಾರಿ ಹಿಡಿಯಲಿಲ್ಲ. ಅಲ್ಮಾಸಬಿಯನ್ನು ನಡುವೆ ಮಾಡಿ ರಸ್ತೆಯ ಮೇಲೆಯೇ ಕುಳಿತರು.

ಊರ ಕಡೆಯಿಂದ ಜೀಪು ಧೂಳೆಬ್ಬಿಸಿಕೊಂಡು ಬಂದು ಅವರ ಕಾಲ ಬೆರಳಿಗೆ ತಾಗುವಷ್ಟು ಸಮೀಪ ನಿಂತಿತು. ಹಾರ್ನು ಬಾರಿಸಿತು. ಮತ್ತೆ ಬಾರಿಸಿತು.

ಅಮೃತವ್ವ ಬುತ್ತಿ ಬಿಚ್ಚಿ, ರೊಟ್ಟಿ ಮುರಿದು, ಅರ್ಧವನ್ನು ಅಲ್ಮಾಸಬಿಯ ಕೈಗಿಟ್ಟಳು.

"ತಿನ್ನು ತಂಗಿ. ಬಸ್ ಬರಾಕ ಹೊತ್ತೈತಿ."