ಕಣ್ಣಿಗೆ ತಂಪು

ನನ್ನ ತಂಗಿಗೆ ನಲವತ್ತು ದಾಟಿದೆ. ಮಂಡಿನೋವಿಗೆ ಮಾತ್ರೆ ನುಂಗುತ್ತಾಳೆ. ಆದರೂ ಅಮ್ಮನ ಬಾಯಲ್ಲಿ ಅವಳು ಇವತ್ತಿಗೂ ‘ಪುಟ್ಟಿ’. ನಾನು ಮಾತ್ರ ‘ದೊಡ್ಡವಳು’. ತೊಟ್ಟಿಲಲ್ಲಿದ್ದಾಗ ನನ್ನನ್ನು ಏನೆಂದು ಕರೆಯುತ್ತಿದ್ದರೋ ಕಾಣೆ, ನೆನಪಿರುವಾಗಿನಿಂದ ನಾನು ದೊಡ್ಡವಳೇ. ಆ ಸಿಟ್ಟಿಗೆ ನಾನು ಅವಳನ್ನು ಯಾವತ್ತೂ ಪುಟ್ಟಿ ಎಂದವಳಲ್ಲ. ‘ಏ ಇವಳೇ’ ಎಂದೇ ಕರೆಯುವುದು. ಮುಂದಿನದನ್ನು ಕೇಳಿ ನೀವು ‘ಇವಳಿಗೆ ಹೊಟ್ಟೆಕಿಚ್ಚು’ ಅನ್ನುತ್ತೀರಿ. ಅನ್ನಿ. ಹೊಟ್ಟೆಕಿಚ್ಚೇ.

ಅಮ್ಮ ಇದ್ದದ್ದು ನಮ್ಮ ಮನೆಯಲ್ಲಿ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಎಂದರೆ ಹೆದರಿ ವರ್ಷಗಟ್ಟಲೆ ಮುಂದೂಡುತ್ತ ಬಂದಳು. ಕೊನೆಕೊನೆಗೆ ಎದುರಿಗೆ ನಿಂತವರನ್ನು ದನಿಯಿಂದ ಗುರುತಿಸುತ್ತಿದ್ದಳು. ತಟ್ಟೆಯಲ್ಲಿ ಎಲ್ಲೇನಿದೆ ಎಂದು ಹೇಳುವವಳು ನಾನು, ಬಚ್ಚಲಿಗೆ ಕೈಹಿಡಿದು ಕರೆದೊಯ್ಯುವವಳು ನಾನು, ಪೇಪರ್ ಓದಿ ಹೇಳುವವಳೂ ನಾನೇ. ಅಂತೂ ಇಂತೂ ಒಂದು ಕಣ್ಣಿಗೆ ಮಾಡಿಸಲು ಒಪ್ಪಿದಳು. ಆಸ್ಪತ್ರೆ ತಂಗಿಯ ಮನೆಗೆ ಹತ್ತಿರ. “ಕಟ್ಟು ಬಿಚ್ಚಿದ್ಮೇಲೆ ಬಂದುಬಿಡ್ತೀನಿ ಕಣೇ,” ಎಂದು ಒಂದು ಚೀಲ ಹಿಡಿದುಕೊಂಡು ಹೋದಳು.

ಆಪರೇಷನ್ ಆದ ಮಾರನೆಯ ದಿನ ಮಧ್ಯಾಹ್ನ ನೋಡಲು ಹೋದೆ. ಒಳಕೋಣೆಯಲ್ಲಿ ಪರದೆ ಎಳೆದು ಮಲಗಿಸಿದ್ದರು. ಒಂದು ಕಣ್ಣಿಗೆ ಕಟ್ಟು, ಇನ್ನೊಂದರಲ್ಲಿ ಪೊರೆ. ನನ್ನ ಕೈ ಸವರಿ “ದೊಡ್ಡವಳಾ?” ಎಂದಳು. ಹೌದಮ್ಮ ಎಂದೆ. ಅವಳಿಗೆ ನಿದ್ದೆ ಹತ್ತಿದ ಮೇಲೆ ಹಾಲಿಗೆ ಬಂದು ಕೂತೆ.

ಆಗಲೇ ನೋಡಿದ್ದು. ತಂಗಿ ಮನೆ ರಿಪೇರಿ ಮಾಡಿಸಿದ್ದಾಳೆ ಎಂದು ಕೇಳಿದ್ದೆ, ಇಷ್ಟು ಎಂದು ಗೊತ್ತಿರಲಿಲ್ಲ. ಹಾಲಿಗೆಲ್ಲ ಬಿಳಿ ಫಾಲ್ಸ್ ಸೀಲಿಂಗ್. ಅದರೊಳಗೆ ಸಪಾಟಾಗಿ ಕೂತ ಗುಂಡನೆಯ ಎಲ್‌ಇಡಿ ಡೌನ್‌ಲೈಟುಗಳು, ಸಾಲಾಗಿ, ಒಂದರ ಮುಂದೆ ಒಂದು. ಒಂದು ವೈರೂ ಕಾಣುವುದಿಲ್ಲ. ನಮ್ಮ ಹಾಲಿನಲ್ಲಿ ಒಂದು ಟ್ಯೂಬ್‌ಲೈಟು, ಗುಂಯ್ ಎನ್ನುತ್ತದೆ, ಅದರ ಹಿಂದೆ ಹಲ್ಲಿಯ ಸಂಸಾರ. ಮಧ್ಯಾಹ್ನವಾದ್ದರಿಂದ ಲೈಟು ಹಾಕಿರಲಿಲ್ಲ. ‘ಹಾಕಿ ತೋರಿಸೇ’ ಎನ್ನಲು ನನ್ನ ನಾಲಿಗೆ ಏಳಲಿಲ್ಲ. ಹಾಗೆಂದು ಸುಮ್ಮನಿರುವ ಜಾತಿಯೂ ನನ್ನದಲ್ಲ. ಲೈಟಿನ ಅಂತರ ಅಳೆಯಲು ಸೀಲಿಂಗಿಗೆ ಟೇಪು ಹಿಡಿಯಲಾಗುತ್ತದೆಯೇ? ಕೆಳಗೆ ನೋಡಿ ಟೈಲ್ಸ್ ಎಣಿಸಿದೆ. ಎರಡು ಟೈಲ್ಸಿಗೊಂದು ಲೈಟು, ಗೋಡೆಯ ಕಡೆ ಒಂದು ಟೈಲ್ಸ್ ಬಿಟ್ಟು.

“ಏನಕ್ಕ ಹುಡುಕ್ತಿದೀಯ?” ತಂಗಿ ಟೀ ಹಿಡಿದು ಬಂದಳು.

“ಓಲೆ ತಿರುಪು. ಎಲ್ಲೋ ಬಿತ್ತು.”

ಪಾಪ, ಆ ಮಂಡಿ ಊರಿಕೊಂಡು ಸೋಫಾದ ಕೆಳಗೆಲ್ಲ ಹುಡುಕಿದಳು. ನಾನು ಟೀ ಕುಡಿದೆ.

ಕಟ್ಟು ಬಿಚ್ಚುವ ದಿನ ನಮ್ಮವರಿಗೆ ಜ್ವರ, ಹೋಗಲಾಗಲಿಲ್ಲ. ತಂಗಿ ವಿಡಿಯೋ ಕಳಿಸಿದಳು. ಅಮ್ಮ ಕಣ್ಣು ಪಿಳಿಪಿಳಿ ಬಿಡುತ್ತ ಎದುರಿನವಳ ಗಲ್ಲ ಹಿಡಿದು, “ಎಷ್ಟು ಲಕ್ಷಣವಾಗಿದೀಯೇ ಪುಟ್ಟಿ!” ಎನ್ನುತ್ತಿದ್ದಳು. ಮೊಬೈಲನ್ನು ಮಂಚದ ಮೇಲೆ ಒಗೆದೆ. ವಿಡಿಯೋ ಕಾಲ್ ಮಾಡು ಎಂದು ತಂಗಿ ಎಷ್ಟು ಸಲ ಹೇಳಿದರೂ ಮಾಡಲಿಲ್ಲ. ನನ್ನ ಮುಖ ನೋಡಬೇಕಿದ್ದರೆ ಮನೆಗೆ ಬಂದು ನೋಡಲಿ ಎಂಬ ಹಟ ನನಗೆ.

ಅಮ್ಮ ಬರಲಿಲ್ಲ. ಫೋನು ಬಂತು. “ಸಂಜೆ ಇವಳ ಹಾಲಲ್ಲಿ ಲೈಟು ಹಾಕಿದ್ರೆ ಕಣ್ಣಿಗೆ ಎಷ್ಟು ತಂಪು ಅಂತೀಯ!” ಎಂದಳು ಅಮ್ಮ. ಹಿಂದೆಯೇ ತಂಗಿ ಫೋನು ತೆಗೆದುಕೊಂಡು, “ಅಕ್ಕ, ಅಮ್ಮ ಇನ್ನು ಇಲ್ಲೇ ಇರ್ಲಿ. ಇನ್ನೊಂದು ಕಣ್ಣಿಗೂ ಮಾಡಿಸ್ಬೇಕು. ನಿಮ್ಮನೆ ಹಾಲು ಬೇರೆ ಕತ್ತಲೆ. ಮುಂದಿನ ಭಾನುವಾರ ಬಂದು ಬಟ್ಟೆಬರೆ ತಗೊಂಡು ಹೋಗ್ತೀವಿ,” ಎಂದಳು.

ಮೈಯೆಲ್ಲ ಉರಿದುಹೋಯಿತು. ಕತ್ತಲೆಯಂತೆ! ಕಣ್ಣು ಕಾಣದ ಅಮ್ಮನಿಗೆ ನಮ್ಮ ಮನೆ ಆಗುತ್ತಿತ್ತು, ಕಣ್ಣು ಬಂದ ಅಮ್ಮನಿಗೆ ಆಗುವುದಿಲ್ಲವೋ? ಭಾನುವಾರ ಅಮ್ಮ ಬರುವಷ್ಟರಲ್ಲಿ ಹಾಲು ಹೇಗಿರಬೇಕೆಂದರೆ, ಆ ಬಟ್ಟೆಬರೆ ಬೀರುವಿನಿಂದ ಈಚೆಗೇ ಬರಬಾರದು ಎಂದು ನಿರ್ಧರಿಸಿದೆ.

ಲೈಟಿನ ಅಂಗಡಿಯವನು ಕೇಳಿದ, “ವಾರ್ಮ್ ಕೊಡ್ಲಾ, ಕೂಲ್ ಕೊಡ್ಲಾ ಮೇಡಂ?”

“ವಾರ್ಮಾ? ಮೊದಲೇ ಸೆಖೆ, ಅದೂ ಬೇರೆ ಬೇಕಾ? ಕಣ್ಣಿಗೆ ತಂಪಾಗಿರೋದು ಕೊಡಪ್ಪ.”

“ಹಾಗಾದ್ರೆ ಕೂಲೇ ತಗೊಳ್ಳಿ. ಬೆಳ್ಳಗೆ ಹಾಲು ಚೆಲ್ಲಿದ ಹಾಗಿರುತ್ತೆ.”

ಹಚ್ಚಿ ತೋರಿಸಿದ. ನೂರು ಲೈಟು ಉರಿಯುವ ಅಂಗಡಿಯಲ್ಲಿ ಅದೊಂದು ಬೇರೆಯಾಗಿ ಏನು ಕಂಡೀತು? ತಲೆಯಾಡಿಸಿದೆ.

ಸೀಲಿಂಗಿನ ಕೆಲಸ ಮುಗಿದ ಮೇಲೆ ಎಲೆಕ್ಟ್ರಿಷಿಯನ್ ಬಂದ. ಪಟಪಟ ಮಾತಾಡುವ ಆಸಾಮಿ. ಟೈಲ್ಸ್ ಲೆಕ್ಕ ಹೇಳಿದೆ. ನೆಲ ನೋಡಿದ, ಸೀಲಿಂಗ್ ನೋಡಿದ, ತಲೆ ಕೆರೆದುಕೊಂಡ.

“ಇಷ್ಟು ಹತ್ತಿರ ಬೇಕಾ ಮೇಡಂ? ಒಂದರ ಬೆಳಕು ಇನ್ನೊಂದರ ಮೇಲೆ ಬೀಳುತ್ತೆ.”

“ಬೀಳ್ಲಿ ಬಿಡು. ನಿನ್ನ ತಲೆ ಮೇಲಂತೂ ಬೀಳ್ತಿಲ್ವಲ್ಲ.”

“ನಂದೇನು ಹೋಯ್ತು? ತೂತು ಜಾಸ್ತಿ ಆದಷ್ಟೂ ನಂಗೆ ಒಳ್ಳೇದೇ,” ಎಂದು ಹಲ್ಲುಕಿರಿದು ಏಣಿ ಹತ್ತಿದ. ದಾರ ಎಳೆದು ಗುರುತು ಮಾಡಿ ಕೊರೆಯುತ್ತ ಹೋದ. ಸೋಫಾದ ಮೇಲೆಲ್ಲ ಬಿಳಿ ಪುಡಿ. ತಂದ ಲೈಟು ಸಾಲದೆ ಮತ್ತೆ ಅಂಗಡಿಗೆ ಓಡಿದೆ, ಅದೂ ಸಾಲಲಿಲ್ಲ. ಎಲ್ಲ ಸೇರಿ ನಲವತ್ತು ದಾಟಿತು. ತಂಗಿಯ ಹಾಲಿನಲ್ಲಿ ಹನ್ನೆರಡೋ ಏನೋ ಇದ್ದವು. ಅದೇ ಅಂತರ ಇಟ್ಟರೂ ನಮಗೆ ಇಷ್ಟು ಬೇಕಾಯಿತು ಎಂದರೆ? ನಮ್ಮ ಹಾಲು ಅವಳದಕ್ಕಿಂತ ಎಷ್ಟೋ ದೊಡ್ಡದು! ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಸಂಜೆ ಸ್ವಿಚ್ ಹಾಕಿದೆ. ನಮ್ಮವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

“ಒಳ್ಳೇದಾಯ್ತು ಬಿಡು. ಅತ್ತೆಯ ಇನ್ನೊಂದು ಕಣ್ಣಿನ ಆಪರೇಷನ್ ಇಲ್ಲೇ ಮಾಡಿಸ್ಬೋದು.”

“ನಿಮ್ಮ ಕಣ್ಣಿಗೆ ಇನ್ನೂ ಒಗ್ಗಿಲ್ಲ ರೀ. ಎರಡು ದಿನ ಹೋದ್ರೆ ಸರಿಹೋಗುತ್ತೆ,” ಎಂದೆ. ನನ್ನ ಕಣ್ಣಲ್ಲೂ ನೀರು ಬರುತ್ತಿತ್ತು. ಅದನ್ನು ಅವರಿಗೆ ತೋರಿಸಲು ನನಗೇನು ಹುಚ್ಚೇ?

ಭಾನುವಾರ ಕತ್ತಲಾಗುವ ಹೊತ್ತಿಗೆ ಕೆಳಗೆ ಕಾರು ನಿಂತಿತು. ತಂಗಿ ಅಮ್ಮನ ಕೈಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದಳು. ಹೊಸಿಲ ಬಳಿ ಅಮ್ಮ ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕ ತೆಗೆದಳು. ಅದಕ್ಕೇ ಕಾದಿದ್ದ ನಾನು ಎಲ್ಲ ಸ್ವಿಚ್ಚನ್ನೂ ಒಟ್ಟಿಗೆ ಒತ್ತಿದೆ.

“ಅಯ್ಯಯ್ಯೋ!” ಎಂದು ಅಮ್ಮ ಹಿಂದಕ್ಕೆ ಸರಿದು ಗೋಡೆ ಹಿಡಿದುಕೊಂಡಳು. ತಡಕಾಡಿ ಕಪ್ಪು ಕನ್ನಡಕವನ್ನು ಮತ್ತೆ ಮುಖಕ್ಕೇರಿಸಿದಳು.

ತಂಗಿ ಮೇಲೆ ನೋಡಿದಳು. “ಅಕ್ಕಾ, ಇದೇನು ಲೈಟಿನ ಅಂಗಡಿ ಇಟ್ಯಾ?”

“ನಿಮ್ಮನೇಲಿ ಇರೋ ಹಾಗೇ ಹಾಕಿಸಿದ್ದು. ನಮ್ಮ ಹಾಲು ದೊಡ್ಡದು, ಅದಕ್ಕೆ ಜಾಸ್ತಿ ಹಿಡೀತು.”

“ದೊಡ್ಡದಾ? ಎರಡೂ ಒಂದೇ ಅಳತೆ ಅಲ್ವಾ…” ಎನ್ನುತ್ತ ಅವಳು ಮೇಲಿನ ಸಾಲು ನೋಡಿದಳು, ಕೆಳಗಿನ ನೆಲ ನೋಡಿದಳು. ಆಮೇಲೆ ನನ್ನ ಕಿವಿ ನೋಡಿದಳು. “ಅಕ್ಕ, ನಿಜ ಹೇಳು. ಅವತ್ತು ಓಲೆ ತಿರುಪು ಬಿದ್ದಿರ್ಲಿಲ್ಲ ತಾನೇ?”

ನನ್ನ ಕೈ ತಾನಾಗಿ ಓಲೆಯ ಮೇಲೆ ಹೋಯಿತು.

“ನಮ್ಮನೆ ಟೈಲ್ಸ್ ಎರಡಡಿದು ಕಣೇ! ನಿಮ್ದು ಒಂದಡಿ!” ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. “ನಾಲ್ಕಡಿಗೊಂದು ಬರ್ಬೇಕಾದ್ದು ಎರಡಡಿಗೊಂದು ಹೊಡ್ಸಿದೀಯ. ಅದಿರ್ಲಿ, ಇದ್ಯಾಕೆ ಇಷ್ಟು ನೀಲಿ ಹೊಡೆಯೋ ಬಿಳಿ? ನಮ್ದು ವಾರ್ಮ್. ಹಳದಿ.”

“ಅಮ್ಮ ತಂಪು ಅಂದ್ಲಲ್ಲ! ಅದಕ್ಕೇ ಕೂಲ್ ತಂದೆ.”

“ಕಣ್ಣಿಗೆ ತಂಪು ಅಂದ್ರೆ ಹಿತ ಅಂತ ಅಕ್ಕ. ಅಯ್ಯೋ ರಾಮ!”

ಬಾಗಿಲ ಸಂದಿಯಲ್ಲಿ ನಿಂತಿದ್ದ ನಮ್ಮವರೂ ಕಿಸಕ್ಕೆಂದರು. ಅವರ ವಿಚಾರ ಆಮೇಲೆ ನೋಡಿಕೊಂಡೆ ಅನ್ನಿ. ತಂಗಿ ಕಣ್ಣೊರೆಸಿಕೊಂಡು, “ಬಾಮ್ಮ, ಬಟ್ಟೆ ತಗೊಂಡು ಹೊರಡೋಣ. ಈ ಬೆಳಕಲ್ಲಿ ನಿನ್ನ ಕಣ್ಣು ಕೆಟ್ಟುಹೋಗುತ್ತೆ,” ಎಂದು ಅಮ್ಮನ ಮೊಣಕೈ ಹಿಡಿದಳು.

ಅಲ್ಲಿಗೆ ನನ್ನ ಬಾಯಿಯ ಕಟ್ಟೆ ಒಡೆಯಿತು. “ಕರ್ಕೊಂಡು ಹೋಗು! ಎಲ್ಲಾ ತುಂಬ್ಕೊಂಡು ಹೋಗು! ಏನೂ ಕಾಣದೆ ಇದ್ದಾಗ ಅಮ್ಮ ನನಗೆ, ಕಾಣೋಕೆ ಶುರುವಾದ್ಮೇಲೆ ನಿನಗೆ! ಕಣ್ಣು ಬಿಟ್ಟ ಕೂಡ್ಲೆ ನೋಡೋಕೂ ನೀನೇ, ‘ಲಕ್ಷಣವಾಗಿದೀಯ’ ಅನ್ನಿಸ್ಕೊಳ್ಳೋಕೂ ನೀನೇ. ನನ್ನನ್ನ ನೋಡಿದ್ದು ಯಾವಾಗ? ಅಮ್ಮ ನನ್ನ ಮುಖ ನೋಡಿ ಎಷ್ಟು ವರ್ಷ ಆಯ್ತು, ಗೊತ್ತಾ ನಿನಗೆ?”

ತಂಗಿಯ ನಗೆ ಅಲ್ಲೇ ನಿಂತಿತು.

ಅಮ್ಮ ಅವಳ ಕೈ ಬಿಡಿಸಿಕೊಂಡಳು. ಕಪ್ಪು ಕನ್ನಡಕ ತೆಗೆದು ಸೊಂಟಕ್ಕೆ ಸಿಕ್ಕಿಸಿ, ಕಣ್ಣು ಕಿರಿದು ಮಾಡಿಕೊಂಡು, ನನ್ನ ದನಿ ಬಂದ ಕಡೆಗೆ ಒಂದೊಂದೇ ಹೆಜ್ಜೆ ಬಂದಳು. ಯಾರ ಕೈಯನ್ನೂ ಹಿಡಿದಿರಲಿಲ್ಲ. ನನ್ನ ಮುಂದೆ ನಿಂತು ಮುಖವೆತ್ತಿದಳು. ಮೇಲೆ ಅಷ್ಟೂ ಲೈಟು ಉರಿಯುತ್ತಿತ್ತು, ನನ್ನ ಮುಖದ ಮೇಲೆ ಒಂದು ಎಳೆ ನೆರಳೂ ಇರಲಿಲ್ಲ.

“ದೊಡ್ಡವಳೇ… ನಿನ್ನ ತಲೆ ಯಾವಾಗ ಇಷ್ಟು ಬೆಳ್ಳಗಾಯ್ತೇ?”

“ಆಗಿ ಎಷ್ಟೋ ಕಾಲ ಆಯ್ತಮ್ಮ.”

“ನನಗೆ ಹೇಳ್ಲೇ ಇಲ್ಲ.”

“ಅದನ್ನೇನು ಹೇಳೋದು?”

ನಿಜಕ್ಕೂ ಹೇಳಿರಲಿಲ್ಲ. ಪೇಪರಿನ ಸುದ್ದಿ ಹೇಳಿದ್ದೆ, ತಟ್ಟೆಯಲ್ಲಿರುವುದನ್ನು ಹೇಳಿದ್ದೆ, ಬಂದುಹೋದವರ ಸೀರೆಯ ಬಣ್ಣವನ್ನೂ ಹೇಳಿದ್ದೆ. ಅಮ್ಮ ನನ್ನ ಕಣ್ಣಿನ ಕೆಳಗಿನ ಸುಕ್ಕನ್ನು ಬೆರಳಿಂದ ಮುಟ್ಟಿದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಲೈಟಿಗೋ, ಇನ್ನೇತಕ್ಕೋ. ನನಗೆ ಗಾಬರಿಯಾಗಿ ಸ್ವಿಚ್ಚಿನ ಕಡೆ ಕೈ ಚಾಚಿದೆ.

“ಆರಿಸ್ಬೇಡ. ಇನ್ನೂ ನೋಡಿ ಮುಗಿದಿಲ್ಲ.”

“ಕಣ್ಣು ಉರಿಯಲ್ವಾ ಅಮ್ಮ?”

“ಉರಿದ್ರೆ ಉರೀಲಿ. ಕಪ್ಪು ಕನ್ನಡಕ ಇದೆಯಲ್ಲ, ನೋಡಾದ್ಮೇಲೆ ಹಾಕ್ಕೋತೀನಿ.” ನನ್ನ ಗಲ್ಲ ಬಿಡದೆಯೇ ಅಮ್ಮ ಹಿಂದಕ್ಕೆ ಹೇಳಿದಳು, “ಪುಟ್ಟಿ, ಕಾರಲ್ಲಿ ನನ್ನ ಚೀಲ ಇದೆ, ತಂದ್ಕೊಡೇ. ಡ್ರಾಪ್ಸ್ ಅದರಲ್ಲೇ ಇರೋದು. ನಾನು ಇಲ್ಲೇ ಇರ್ತೀನಿ.”

“ಅಮ್ಮ, ಇನ್ನೊಂದು ಕಣ್ಣು?”

“ಅದಕ್ಕೆ ಆಗ ಬರ್ತೀನಿ. ಇವಳೂ ಬರ್ತಾಳೆ.”

ತಂಗಿ ಹೊರಟವಳು ಬಾಗಿಲಲ್ಲಿ ನಿಂತು ಒಮ್ಮೆ ತಿರುಗಿ ನೋಡಿದಳು. ನೋಡಿದ್ದು ನನ್ನನ್ನಲ್ಲ, ನನ್ನ ಗಲ್ಲದ ಮೇಲಿದ್ದ ಅಮ್ಮನ ಕೈಯನ್ನು. ನಮ್ಮ ಹಾಲಿನ ಆ ಬೆಳಕಿನಲ್ಲಿ ಯಾರೂ ಏನನ್ನೂ ಬಚ್ಚಿಡುವ ಹಾಗಿರಲಿಲ್ಲ. ಆ ಮುಖ ನನಗೆ ಚೆನ್ನಾಗಿ ಗೊತ್ತು. ಇಷ್ಟು ದಿನ ನನ್ನ ಕನ್ನಡಿಯಲ್ಲಿ ಇದ್ದದ್ದು ಅದೇ. ನ್ಯಾಯವಾಗಿ ನನ್ನ ಹೊಟ್ಟೆ ತಣ್ಣಗಾಗಬೇಕಿತ್ತು. ಯಾಕೋ ಆಗಲಿಲ್ಲ.

“ಪುಟ್ಟೀ,” ಎಂದೆ. ಅವಳು ಬೆಚ್ಚಿ ನಿಂತಳು. “ಇಷ್ಟು ಬೆಳಕಿಂದ ಹೋಗ್ತಿದೀಯ, ಹೊರಗೆ ಏನೂ ಕಾಣಲ್ಲ. ಮಂಡಿ ಜೋಪಾನ, ಮೆಟ್ಟಿಲು ನೋಡ್ಕೊಂಡು ಇಳಿ.”